ವಾಡಿಯ ವೇಗ

ರಿಮೋಟಿನ ಸೆಲ್ಲು ತೀರಿದರೆ ನಮ್ಮ ಮನೆಯಲ್ಲಿ ಯಾರೂ ತಕ್ಷಣ ಹೊಸ ಸೆಲ್ಲು ತರುವುದಿಲ್ಲ. ಮೊದಲು ರಿಮೋಟನ್ನು ಅಂಗೈಗೆ ಎರಡು ಸಲ ಬಡಿಯುತ್ತಾರೆ. ಆಮೇಲೆ ಸೆಲ್ಲುಗಳನ್ನು ಅದಲುಬದಲು ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಾರೆ. ಸೇಡಂನ ಬಿಸಿಲಿಗೆ ಸತ್ತ ಸೆಲ್ಲೂ ಎದ್ದು ಕೂರುತ್ತದೆ ಎಂದು ನನ್ನ ಹೆಂಡತಿಯ ನಂಬಿಕೆ. ಹೋದ ವಾರ ಹಾಗೆ ಇಟ್ಟ ಎರಡರಲ್ಲಿ ಒಂದು ಸೋರಿತ್ತು. ತುದಿಯಲ್ಲಿ ಬಿಳಿ ಹಿಟ್ಟು, ಕೆಳಗೆ ಕಟ್ಟೆಯ ಮೇಲೆ ಕಂದು ಕಲೆ. ಒರೆಸುವ ಮೊದಲು ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ತುಕ್ಕು ಮತ್ತು ಹುಳಿ ಸೇರಿದಂಥ ವಾಸನೆ.

"ಏನ್ರಿ ಅದು, ಮಲ್ಲಿಗಿ ಹೂವಾ?" ಎಂದಳು ಅವಳು.

ನಾನು ಕಲೆ ಒರೆಸಿದೆ. ಮೇಜಿನ ಮೇಲೆ ನಾಲ್ಕು ದಿನದಿಂದ ಬಿದ್ದಿದ್ದ ಹಾಳೆಗಳನ್ನು ಕೈಗೆತ್ತಿಕೊಂಡೆ. ಅವು ಕಲಬುರಗಿಯಿಂದ ರೂತ್ ಕಳಿಸಿದ ಹಾಳೆಗಳು. ರೂತ್ ಅಲ್ಲಿ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾಳೆ. ವಾಡಿಯ ರೈಲ್ವೆ ಕಾಲೋನಿಯಲ್ಲಿ ಬೆಳೆದವರೆಲ್ಲ ಒಂದು ದಿನ ಸೇರುವವರಿದ್ದಾರಂತೆ. ಆ ದಿನಕ್ಕೆ ಒಂದು ಪುಸ್ತಿಕೆ. ಅದರಲ್ಲಿ ಅವಳ ತಂದೆ ಡೇವಿಡಣ್ಣನ ಬಗ್ಗೆ ಅವಳದೊಂದು ಲೇಖನ, ಹೆಸರು 'ನಮ್ಮ ಭಾಗದ ರಾಕ್ ಸಂಗೀತ ಪರಂಪರೆ'. ಫೋನಿನಲ್ಲಿ ಹೇಳಿದ್ದಳು: "ಅಂಕಲ್, ಒಂದ್ಸಲ ಓದ್ರಿ. ಬರೆದಿದ್ದು ಸರಿ ಅದ ಅಂತ ಕೆಳಗ ಸಹಿ ಮಾಡಿ ಕಳಸ್ರಿ. ಅಪ್ಪನ ಜೋಡಿ ಬಾರಿಸಿದೋರು ಈಗ ನೀವು, ಖಾಜಾ ಅಂಕಲ್, ಇಬ್ಬರೇ ಉಳಿದೀರಿ."

ಪರಂಪರೆ! ಈ ಪದ ಕೇಳಿದರೆ ನನಗೆ ಈಗೀಗ ಮೈ ಉರಿಯುತ್ತದೆ. ಮೂರು ಜನ, ಒಂದು ಟೇಪ್ ರೆಕಾರ್ಡರು, ಹೆಸರಿಲ್ಲದ ಒಂದು ಕ್ಯಾಸೆಟ್ಟು. ಇಷ್ಟಕ್ಕೆ ಪರಂಪರೆ ಎನ್ನುವುದಾದರೆ ನಮ್ಮ ಓಣಿಯ ಗಿರಣಿಗೂ ಒಂದು ಪರಂಪರೆ ಬರೆಯಬಹುದು. ಆದರೆ ನನ್ನ ಕಿರಿಕಿರಿಗೆ ನಿಜವಾದ ಕಾರಣ ಆ ಪದವಲ್ಲ. ಮೂರನೆಯ ಪುಟದಲ್ಲಿದ್ದ ಒಂದು ವಾಕ್ಯ. 'ಹೊರಗಿನವರು ವೇಗವಾಗಿ ಬಾರಿಸುತ್ತಿದ್ದ ಹಾಡುಗಳನ್ನು ನಮ್ಮ ತಂದೆಯವರು ಬೇಕೆಂದೇ ನಿಧಾನಗೊಳಿಸಿ, ಶ್ರುತಿ ಇಳಿಸಿ, ತಮ್ಮದೇ ಒಂದು ಶೈಲಿ ಕಟ್ಟಿದರು.' ಅದು ಹಾಗಲ್ಲ. ಹಾಗಲ್ಲವೆಂದು ಖಚಿತವಾಗಿ ಹೇಳಬಲ್ಲವನು ನಾನು. ಹೇಳಿದರೆ ಒಬ್ಬ ಮಗಳ ಕೈಯಿಂದ ಅವಳ ತಂದೆಯನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಸುಳ್ಳಿಗೆ ಸಹಿ. ಅದಕ್ಕೇ ಹಾಳೆಗಳು ನಾಲ್ಕು ದಿನ ಮೇಜಿನ ಮೇಲೆ ಬಿದ್ದದ್ದು.

ಮೊದಲಿನಿಂದ ಹೇಳುತ್ತೇನೆ. ನಿಧಾನ ಮನುಷ್ಯ ನಾನು, ನೀವು ಸ್ವಲ್ಪ ತಾಳಿಕೊಳ್ಳಬೇಕು.

ತೊಂಬತ್ತರ ದಶಕದ ನಡುವೆ ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಮನೆ ಸೇಡಂನಲ್ಲಿ. ಅಪ್ಪ ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ, ಆಮೇಲೆ ಶಾಲೆಗೆ ಹೋಗಿ ಸಂಸ್ಕೃತ ಹೇಳಿ ಬರುವವರು. ದಿನಾ ಪ್ಯಾಸೆಂಜರ್ ರೈಲಿನಲ್ಲಿ ನನ್ನ ಓಡಾಟ. ಒಂದು ಸಂಜೆ ಚಿತ್ತಾಪುರದಲ್ಲಿ ಇತ್ತ ಸೇಡಂಗೆ ಮುಖ ಮಾಡಿದ ಗಾಡಿ ಬಿಟ್ಟು ಅತ್ತ ಮುಖ ಮಾಡಿದ ಗಾಡಿ ಹತ್ತಿ ವಾಡಿಗೆ ಬಂದಿಳಿದೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಕಾಲೋನಿಯ ಒಂದು ಕ್ವಾರ್ಟರ್ಸಿನ ಹಿತ್ತಲಿನಿಂದ ಗಿಟಾರಿನ ಸದ್ದು ಬರುತ್ತಿತ್ತು. ಬೇಲಿಯ ಆಚೆ ನಿಂತು ಕೇಳಿದೆ. ಬಾರಿಸುತ್ತಿದ್ದವನು ತಲೆ ಎತ್ತದೆ ಹೇಳಿದ: "ನಿಂತ್ ಕೇಳೋದು ಮುಗೀತಂದ್ರ ಒಳಗ ಬರ್ರಿ, ಇಲ್ಲಾಂದ್ರ ನಡೀರಿ. ಬೆನ್ನಿಗೆ ಕಣ್ಣು ಚುಚ್ಚಲಿಕತ್ತಾವ."

ಅವನೇ ಡೇವಿಡಣ್ಣ. ರೈಲ್ವೆಯಲ್ಲಿ ಫಿಟ್ಟರ್. ಗಿಟಾರು ಕಲಿತದ್ದು ಚರ್ಚಿನಲ್ಲಿ. ಉಗುರಿನ ಸಂದಿಯಲ್ಲಿ ಗ್ರೀಸು ಯಾವಾಗಲೂ ಇರುತ್ತಿತ್ತು. ಅವನ ಪಕ್ಕದಲ್ಲಿ ಡ್ರಮ್ಮಿನ ಹಿಂದೆ ಖಾಜಾ. ಶಹಾಬಾದಿನ ಕಲ್ಲುಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವ ಕೆಲಸ, ಮದುವೆಯ ಸೀಜನ್ನಿನಲ್ಲಿ ಬ್ಯಾಂಡಿನಲ್ಲಿ ಢೋಲು. ನಮ್ಮ ಕಡೆಯ ಕಲ್ಲಿನ ಬಗ್ಗೆ, ರಾಕ್ ಎಂಬ ಪದದ ಬಗ್ಗೆ ಕಲಬುರಗಿಯ ಜಾಣರು ಒಂದು ಚೇಷ್ಟೆ ಮಾಡುತ್ತಾರೆ. ಮೂವತ್ತು ವರ್ಷದಿಂದ ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಬ್ಬರಿಗೂ ಬೇಸ್ ಗಿಟಾರ್ ಬಾರಿಸಲು ಒಬ್ಬ ಬೇಕಾಗಿದ್ದ. ನನಗೆ ಬರುತ್ತಿರಲಿಲ್ಲ. ಆದರೆ ಗುಡಿಯ ಭಜನೆಯಲ್ಲಿ ತಾಳ ತಪ್ಪದೆ ಬೆಳೆದವನು ಎಂದೆ. "ಸಾಕು," ಎಂದ ಡೇವಿಡಣ್ಣ, "ಬೇಸ್ ಇದ್ದರ ಯಾರಿಗೂ ಕೇಳಸಂಗಿಲ್ಲ, ಇಲ್ಲಾಂದ್ರ ಎಲ್ಲಾರಿಗೂ ಕೇಳಸ್ತದ. ನಿನ್ನಂಥ ಮೆತ್ತನ ಮನಿಶ್ಯಾಗ ಅದೇ ಸರಿ, ತಮ್ಮಾ." ಯಾರದೋ ಹಳೆಯ ಬೇಸ್ ಗಿಟಾರೊಂದನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದಾಗ ಅಪ್ಪ ಜಗುಲಿಯಲ್ಲಿ ಕೂತಿದ್ದರು. ಚೀಲ ಬಿಚ್ಚಿಸಿದರು. ತಂತಿ ಎಣಿಸಿದರು. "ನಾಲ್ಕು. ತಂಬೂರಿಗೂ ನಾಲ್ಕೇ. ಒಳಗ ಇಡು," ಎಂದು ಒಂದು ಮಾತಿನಲ್ಲಿ ಪ್ರಕರಣ ಮುಗಿಸಿದರು. ನಾನು ಒಂದು ವಾರದಿಂದ ಸಿದ್ಧಪಡಿಸಿಟ್ಟುಕೊಂಡಿದ್ದ ವಾದವೆಲ್ಲ ವ್ಯರ್ಥವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೂ ಆಯಿತು.

ಈಗ ಆ ಕ್ಯಾಸೆಟ್ಟು. ಸಿಕಂದರಾಬಾದಿನಿಂದ ಯಾರೋ ನಕಲು ಮಾಡಿ ತಂದುಕೊಟ್ಟದ್ದು. ಮೇಲಿನ ಚೀಟಿಯ ಶಾಯಿ ಬೆವರಿಗೆ ಅಳಿಸಿಹೋಗಿತ್ತು. ಹಾಡುಗಳ ಹೆಸರು ನಮಗೆ ಗೊತ್ತಿರಲಿಲ್ಲ, ಹಾಡಿದವರದೂ ಗೊತ್ತಿರಲಿಲ್ಲ. ಹಾಗಾಗಿ ಎ ಒಂದು, ಎ ಎರಡು, ಬಿ ಮೂರು ಎಂದು ಬದಿ ಮತ್ತು ಸಂಖ್ಯೆಯ ಲೆಕ್ಕದಲ್ಲಿ ಕರೆಯುತ್ತಿದ್ದೆವು. ಬಿ ಮೂರು ನಮ್ಮ ಪ್ರಾಣ. ಸಂಜೆ ಐದರಿಂದ ಏಳರವರೆಗೆ ಕಲಿಕೆ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಟೇಪ್ ರೆಕಾರ್ಡರಿಗೆ ಆರು ದಪ್ಪ ಸೆಲ್ಲು ಬೇಕು. ಕಾಲೋನಿಯಲ್ಲಿ ಇದ್ದ ಗಾರ್ಡುಗಳು ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಂಡಾಗ ಹಳೆಯವನ್ನು ಡೇವಿಡಣ್ಣನಿಗೆ ಕೊಡುತ್ತಿದ್ದರು. ಟಾರ್ಚಿಗೆ ಸಾಲದ ಸೆಲ್ಲು ಟೇಪಿಗೆ ಹೇಗೋ ಸಾಲುತ್ತಿತ್ತು. ಸಾಲುತ್ತಿತ್ತು ಎಂದರೆ, ತಿರುಗುತ್ತಿತ್ತು. ಎಷ್ಟು ನಿಧಾನ ತಿರುಗುತ್ತಿತ್ತು ಎಂದು ನಮಗೆ ಗೊತ್ತಾಗಲು ಬೇರೆ ಅಳತೆಯೇ ಇರಲಿಲ್ಲ.

ಟೇಪು ನಿಧಾನವಾದರೆ ಹಾಡು ನಿಧಾನವಾಗುತ್ತದೆ, ಶ್ರುತಿಯೂ ಇಳಿಯುತ್ತದೆ. ಡೇವಿಡಣ್ಣ ಪ್ರತಿ ಸಂಜೆ ಟೇಪಿಗೆ ತಕ್ಕಂತೆ ತಂತಿ ಸಡಿಲಿಸಿಕೊಳ್ಳುತ್ತಿದ್ದ. ಸಡಿಲ ತಂತಿ ಗೊರಗೊರ ಎನ್ನುತ್ತಿತ್ತು. ಹಾಡಿದವನ ಕಂಠ ಗೂಳಿಯದಂತೆ ಕೇಳುತ್ತಿತ್ತು, ಡೇವಿಡಣ್ಣ ಅದನ್ನೇ ಅಭ್ಯಾಸ ಮಾಡಿದ. ಚರ್ಚಿನಲ್ಲಿ ಕೀರ್ತನೆಗಳೂ ಅದೇ ದನಿಯಲ್ಲಿ, ಅದೇ ನಡಿಗೆಯಲ್ಲಿ ಬರತೊಡಗಿದಾಗ ಹಿರಿಯರೊಬ್ಬರು ಕೇಳಿದರಂತೆ: "ಡೇವಿಡಾ, ಸ್ವರ್ಗ ಇಷ್ಟ್ ದೂರ ಅದೇನಪ್ಪಾ?"

ಒಂದು ಸಲ ಗಾರ್ಡೊಬ್ಬರು ತಪ್ಪಿ ಹೊಸ ಸೆಲ್ಲುಗಳನ್ನೇ ಕೊಟ್ಟುಬಿಟ್ಟರು. ಹಾಕಿದೆವು. ಬಿ ಮೂರು ಓಡತೊಡಗಿತು. ಗೂಳಿ ಹೋಗಿ ಯಾರೋ ಎಳೆಯ ದನಿಯವನು ಅವಸರದಲ್ಲಿ ಹಾಡುತ್ತಿದ್ದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಗಳಿಗೆಯಲ್ಲಿ ಬುದ್ಧಿ ಇದ್ದವರು ಯಾರಾದರೂ ಸತ್ಯ ತಿಳಿದುಕೊಳ್ಳುತ್ತಿದ್ದರು. ನಾವು ಏನು ಮಾಡಿದೆವು ಗೊತ್ತೇ?

"ಬಂದ್ ಮಾಡು," ಎಂದ ಖಾಜಾ. "ಹೊಸಾ ಸೆಲ್ಲಿಗೆ ಸೊಕ್ಕು ಭಾಳ. ಹಾಡು ಕೆಡಸ್ತಾವ."

"ಹೌದು," ಎಂದ ಡೇವಿಡಣ್ಣ, ಎಂಜಿನ್ ಪರೀಕ್ಷೆ ಮಾಡಿದವನ ಗಾಂಭೀರ್ಯದಲ್ಲಿ. "ಮೊದಲು ಟಾರ್ಚಿನ್ಯಾಗ ಒಂದೀಟು ಇಳಿಸಬೇಕು. ಆಮ್ಯಾಲ ಟೇಪಿಗೆ."

ನಾನೂ ತಲೆಯಾಡಿಸಿದೆ. ಪದವೀಧರ, ಮಾಸ್ತರ, ತಾಳಜ್ಞಾನಿ. ಹೊಸ ಸೆಲ್ಲುಗಳನ್ನು ಟಾರ್ಚಿಗೆ ಹಾಕಿ, ಹಾಡಹಗಲೇ ಹೊತ್ತಿಸಿಟ್ಟು, ಸೊಕ್ಕು ಇಳಿಯಲೆಂದು ಕಾದೆವು. ಆ ಟಾರ್ಚು ಬಿಸಿಲಿನಲ್ಲಿ ಉರಿಯುತ್ತಿದ್ದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ರೂತ್ ಬರೆದ ಆ ಶೈಲಿ ಹುಟ್ಟಿದ್ದು ಅಲ್ಲಿ.

ಹಾಗೆಂದು ನಮಗೆ ಬೆಲೆ ಇರಲಿಲ್ಲ ಎಂದುಕೊಳ್ಳಬೇಡಿ. ಶಹಾಬಾದಿನ ಕ್ರಿಸ್‌ಮಸ್‌ಗೆ ಕರೆದರು, ಚಿತ್ತಾಪುರದ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕರೆದರು. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಖಾಜಾನ ಚಿಕ್ಕಪ್ಪನ ಮಗನ ಮದುವೆ. ಅಲ್ಲಿ ನಾವು ಬಿ ಮೂರು ಎತ್ತಿಕೊಂಡೆವು. ಜನ ಮಾತು ನಿಲ್ಲಿಸಿದರು. ಊಟ ಮಾಡುತ್ತಿದ್ದವರು ತುತ್ತು ತಡೆದರು. ಹಾಡು ಮುಗಿಯುವ ತನಕ ಒಬ್ಬರೂ ಅಲುಗಾಡಲಿಲ್ಲ. ಎಂಥ ಮರ್ಯಾದೆ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದಾಗ ಒಬ್ಬ ಮುದುಕರು ಹತ್ತಿರ ಬಂದು, ತಲೆಯ ಟೊಪ್ಪಿಗೆ ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು: "ಯಾರು ತೀರಕೊಂಡ್ರು, ಬೇಟಾ?"

ಖಾಜಾ ಇದನ್ನು ಈಗ ಹೇಗೆ ಹೇಳುತ್ತಾನೆ ಗೊತ್ತೇ? ಜನ ಕಣ್ಣೀರು ಹಾಕಿದರು ಎನ್ನುತ್ತಾನೆ. ರೂತ್ ಅದನ್ನೂ ಬರೆದುಕೊಂಡಿದ್ದಾಳೆ.

ಇನ್ನು ನನಗೆ ಬರೆಯಲು ಕಷ್ಟವಾಗುವ ಭಾಗ.

ಒಂದು ವರ್ಷ ಆಗಸ್ಟ್ ತಿಂಗಳಲ್ಲಿ ನಾನು ಯಾವುದೋ ಪರೀಕ್ಷೆ ಬರೆಯಲು ಸಿಕಂದರಾಬಾದಿಗೆ ಹೋಗಿದ್ದೆ. ಸ್ಟೇಷನ್ನಿನ ಎದುರು ಒಂದು ಕ್ಯಾಸೆಟ್ ಅಂಗಡಿ. ಅದರ ಮುಂದೆ ದಾಟುವಾಗ ಬಿ ಮೂರು ಶುರುವಾಯಿತು. ಓಡುವ ಬಿ ಮೂರು. ಎಳೆಯ ದನಿ. ಅಂಗಡಿಯಲ್ಲಿ ಫ್ಯಾನು ಭರ್ರನೆ ತಿರುಗುತ್ತಿತ್ತು, ಬಲ್ಬು ಉರಿಯುತ್ತಿತ್ತು. ಅಲ್ಲಿ ಸೆಲ್ಲಿನ ಪ್ರಶ್ನೆಯೇ ಇರಲಿಲ್ಲ. ನಾನು ಕೈಗಡಿಯಾರ ನೋಡಿದೆ. ನಮ್ಮದು ಮುಗಿಯಲು ಐದು ನಿಮಿಷ ಹಿಡಿಯುತ್ತಿತ್ತು. ಅದು ನಾಲ್ಕು ನಿಮಿಷ ದಾಟಿ ಹತ್ತು ಸೆಕೆಂಡಿಗೆ ಮುಗಿಯಿತು. ಅಂಗಡಿಯವನಿಗೆ ಇನ್ನೊಮ್ಮೆ ಹಾಕಿ ಎಂದು ಬೇಡಿಕೊಂಡೆ. ಎರಡನೆಯ ಸಲವೂ ನಾಲ್ಕು ನಿಮಿಷ ಹತ್ತು ಸೆಕೆಂಡು.

ವಾಡಿಗೆ ಹಿಂದಿರುಗುವ ಗಾಡಿಯಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಆಮೇಲೆ ಬಲಗೈ ಬೆರಳಿನಲ್ಲಿ ತೊಡೆಯ ಮೇಲೆ ನನ್ನ ಪಾಲಿನ ಬೇಸನ್ನು ಆ ವೇಗದಲ್ಲಿ ಬಾರಿಸಿ ನೋಡಿದೆ. ಬರಲಿಲ್ಲ. ತಾಂಡೂರು ದಾಟುವ ತನಕ ಪ್ರಯತ್ನಿಸಿದೆ. ಬರಲಿಲ್ಲ. ನಮ್ಮ ವೇಗದಲ್ಲಿ ನಾನು ಒಬ್ಬ ಬೇಸ್ ವಾದಕ. ಆ ವೇಗದಲ್ಲಿ ನಾನು ಗೋಣಿಚೀಲ ಹೊತ್ತ ಮಾಸ್ತರ. ಡೇವಿಡಣ್ಣನಿಗೆ ಗೊತ್ತಾದರೆ ಅವನು ತಂತಿ ಬಿಗಿಮಾಡಿ ಒಂದು ತಿಂಗಳಲ್ಲಿ ಆ ವೇಗ ಹಿಡಿಯುತ್ತಿದ್ದ. ಖಾಜಾನಿಗೆ ಒಂದು ವಾರ ಸಾಕು. ಹಿಂದೆ ಉಳಿಯುವವನು ನಾನು. ನನ್ನ ಜಾಗಕ್ಕೆ ಬೇರೆಯವನನ್ನು ಹುಡುಕುತ್ತಿದ್ದರು.

ಹೇಳಲಿಲ್ಲ. ಇಷ್ಟೇ ಕಾರಣ. ದೊಡ್ಡ ಕಾರಣ ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ಡಿಸೆಂಬರಿನಲ್ಲಿ ಮಳಖೇಡದ ಆಚೆ ಒಂದು ಕಾರ್ಖಾನೆಯ ಕಾಲೋನಿಯ ಕ್ಲಬ್ಬಿನಲ್ಲಿ ನಮ್ಮ ಕಾರ್ಯಕ್ರಮ. ಯಾವ ಕಾಲೋನಿ ಎಂದು ಹೇಳುವುದಿಲ್ಲ, ಅವರ ತಪ್ಪೇನೂ ಇಲ್ಲ. ಡೇವಿಡಣ್ಣ ಹೊಸ ಶರ್ಟು ಹಾಕಿದ್ದ. ರೂತ್ ಆಗ ಚಿಕ್ಕವಳು, ಬಂದಿರಲಿಲ್ಲ. ಬಿ ಮೂರಕ್ಕೆ ಜನ ಕುರ್ಚಿಯಲ್ಲಿ ಕೂತು ಕೇಳಿದರು, ಚಪ್ಪಾಳೆ ತಟ್ಟಿದರು. ನಾವು ಇಳಿಯುತ್ತಿದ್ದಂತೆ ಒಬ್ಬ ಎಂಜಿನಿಯರು ಮೈಕಿನ ಹತ್ತಿರ ಬಂದು, ನಗುತ್ತಾ, "ಈಗ ಅದೇ ಹಾಡು, ಡ್ಯಾನ್ಸ್ ಮಾಡೋರಿಗೆ," ಎಂದು ತನ್ನ ಕ್ಯಾಸೆಟ್ಟು ಹಾಕಿದ. ಕ್ಲಬ್ಬಿನ ದೊಡ್ಡ ಸ್ಪೀಕರ್ ಡಬ್ಬಿಗಳಲ್ಲಿ ಅದು ಬಂತು. ಕೂತಿದ್ದವರೆಲ್ಲ ಎದ್ದರು. ಹೆಂಗಸರು, ಮಕ್ಕಳು, ನಮಗೆ ಚಹಾ ಕೊಟ್ಟವನು ಕೂಡ. ಯಾರೂ ನಮ್ಮನ್ನು ನೋಡಿ ನಗಲಿಲ್ಲ. ನಮ್ಮನ್ನು ಯಾರೂ ನೋಡಲೇ ಇಲ್ಲ.

ಡೇವಿಡಣ್ಣ ಗಿಟಾರಿನ ಪಟ್ಟಿ ಹೆಗಲಿನಿಂದ ತೆಗೆದಿರಲಿಲ್ಲ. ಗೋಡೆಗೆ ಒರಗಿ ಇಡೀ ಹಾಡು ಕೇಳಿದ. ಎಡಗೈ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ಮುಟ್ಟಿಯೂ ಮುಟ್ಟದಂತೆ ಚಲಿಸುತ್ತಿದ್ದವು. ಅರ್ಧ ಹಾಡಿಗೇ ಅವನು ಆ ವೇಗ ಹಿಡಿದಿದ್ದ. ಅದನ್ನು ನಾನು ನೋಡಿದೆ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿದ.

"ನಿಂಗ ಗೊತ್ತಿತ್ತೇನೋ, ತಮ್ಮಾ?"

"ಇಲ್ಲಣ್ಣಾ."

ಅವನು ಹೂಂ ಎಂದ. ಗಿಟಾರನ್ನು ಕವರಿಗೆ ಹಾಕಿದ. ಮುಂದಿನ ವಾರ ನಾನು ವಾಡಿಗೆ ಹೋದಾಗ ಡ್ರಮ್ಮಿನ ಮೇಲೆ ಚಾದರ ಹೊದಿಸಿತ್ತು. "ಡ್ಯೂಟಿ ಭಾಳ ಅದ," ಎಂದ. ಆಮೇಲೆ ಅವನು ಚರ್ಚಿನಲ್ಲಿ ಮಾತ್ರ ಬಾರಿಸಿದ, ಅದೂ ಕೂತು, ಹಿಂದಿನ ಸಾಲಿನಲ್ಲಿ. ಎರಡು ಸಾವಿರದ ದಶಕ ಮುಗಿಯುವ ಮೊದಲೇ ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅಷ್ಟು ವರ್ಷದಲ್ಲಿ ನನಗೆ ಹೇಳಲು ಎಷ್ಟು ಸಂಜೆಗಳಿದ್ದವು ಎಂದು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಹೋದ ವಾರ ಆ ಸೋರಿದ ಸೆಲ್ಲನ್ನು ಬಿಸಾಕಿ ಬಂದು ಮೊದಲು ಖಾಜಾನಿಗೆ ಫೋನು ಮಾಡಿದೆ. ಅವನಿಗೆ ಈಗ ದಮ್ಮು, ಎರಡು ಮಾತಿಗೊಮ್ಮೆ ಕೆಮ್ಮುತ್ತಾನೆ. ಆದರೂ ಬಾಯಿ ಸೋತಿಲ್ಲ.

"ಏನ್ ಆಚಾರ್ರ, ಇನ್ನಾ ಬದಕೀರಿ?"

"ಖಾಜಾ, ರೂತ್‌ಗೆ ನೀ ಏನೇನು ಹೇಳಿದಿ? ಬೇಕಂತಲೇ ನಿಧಾನ ಮಾಡಿದ್ವಿ ಅಂತ ನೀನೇ ಹೇಳಿದ್ಯಾ?"

"ನಾನೇ ಹೇಳಿದ್ದು. ಯಾಕ್?"

"ಸೆಲ್ಲಿನ ಮಾತು ಹೇಳಬೇಕಿತ್ತು."

"ಅರೆ, ಸೆಲ್ಲಿನ ಮಾತು ಯಾರಿಗೆ ಬೇಕ್ರಿ? ಹುಡುಗಿ ದಿಲ್ ಖುಷ್ ಮಾಡಿದೆ. ಇದರಾಗ ನಿಮ್ಮ ಗಂಟೇನು ಹೋಯ್ತು?" ಎಂದು ಕೆಮ್ಮಿದ. ಕೆಮ್ಮು ನಿಂತ ಮೇಲೆ, "ನಿಮ್ಮ ಖರೆ ತಗೊಂಡು ಉಪ್ಪಿನಕಾಯಿ ಹಾಕ್ತೀರೇನು? ಸಹಿ ಮಾಡ್ರಿ, ಸುಮ್ಮ ಕುಂದ್ರಿ," ಎಂದ.

ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋನಿಟ್ಟ ಮೇಲೆ ಹೊಳೆಯಿತು. ಖಾಜಾ ಸುಳ್ಳು ಹೇಳಿದ್ದು ಡೇವಿಡಣ್ಣನಿಗಾಗಿ. ನಾನು ಹೇಳಿದ್ದು ನನಗಾಗಿ. ಅವನನ್ನು ಬಯ್ಯಲು ನನಗೆ ಯಾವ ಅಧಿಕಾರ?

ರೂತ್‌ಗೆ ಫೋನು ಮಾಡಿದೆ. ಸೆಲ್ಲಿನ ಕತೆ ಹೇಳಿದೆ. ಉರಿಯುವ ಟಾರ್ಚಿನ ಕತೆಗೆ ಅವಳು ನಕ್ಕಳು, ಅವಳ ನಗು ಅಪ್ಪನದೇ. ಕ್ಲಬ್ಬಿನ ಕತೆಗೆ ನಗು ನಿಂತಿತು. ಆಮೇಲೆ ಸಿಕಂದರಾಬಾದಿನ ಅಂಗಡಿಯದನ್ನೂ ಹೇಳಿದೆ.

ಆ ಕಡೆ ಅವಳು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು.

"ಎಷ್ಟು ಮೊದಲ ಗೊತ್ತಿತ್ತು ನಿಮಗ?"

"ಎರಡು ತಿಂಗಳು."

"ಅಪ್ಪ ಕೇಳಿದಾಗ ಇಲ್ಲ ಅಂದ್ರಿ."

"ಹೌದು, ಅಂದೆ."

"ಅವ ನಂಬಿದ್ನಾ?"

"ಗೊತ್ತಿಲ್ಲಮ್ಮಾ. ಹೂಂ ಅಂದ."

"ನಾ ಸಣ್ಣಾಕಿದ್ದಾಗ ದಿನಾ ಕೇಳ್ತಿದ್ದೆ ಅಂಕಲ್, ಅಪ್ಪಾ ಆ ಹಾಡು ಬಾರಿಸು ಅಂತ. ಮರ್ತದ ಅಂತಿದ್ದ. ಮರ್ತಿರಲಿಲ್ಲ. ಜಳಕ ಮಾಡುವಾಗ ಗುನುಗ್ತಿದ್ದ, ನಾ ಬಾಗಿಲ ಹಿಂದ ಕೇಳ್ತಿದ್ದೆ. ನೀವು ಆವಾಗೇ ಹೇಳಿದ್ರ ಅವ ಕಲೀತಿದ್ದ. ಸ್ಟೇಜ್ ಮ್ಯಾಲ ಇರ್ತಿದ್ದ. ನಾ ನೋಡ್ತಿದ್ದೆ."

"ಹೌದಮ್ಮಾ."

"ಇಡ್ತೀನಿ ಅಂಕಲ್."

ಇನ್ನು ಅವಳ ಫೋನು ಬರುವುದಿಲ್ಲ ಎಂದುಕೊಂಡೆ. ಫೋನು ಬರಲೂ ಇಲ್ಲ. ಆರನೆಯ ದಿನ ಅಂಚೆಯಲ್ಲಿ ಹೊಸ ಹಾಳೆಗಳು ಬಂದವು. ತಲೆಬರಹದಲ್ಲಿ ಪರಂಪರೆ ಇರಲಿಲ್ಲ, 'ನಮ್ಮಪ್ಪನ ಬ್ಯಾಂಡು' ಎಂದಷ್ಟೇ ಇತ್ತು. ಸೆಲ್ಲು ಇತ್ತು, ಟಾರ್ಚು ಇತ್ತು, ಚಂದಾಪುರದ ಮುದುಕರು ಅವರ ಪ್ರಶ್ನೆಯ ಸಮೇತ ಇದ್ದರು. ಮೂರನೆಯ ಪುಟದಲ್ಲಿ ಒಂದು ವಾಕ್ಯ, ಬಯ್ಗುಳವಿಲ್ಲದೆ, ವಿಶೇಷಣವಿಲ್ಲದೆ: 'ಬೇಸ್ ಬಾರಿಸುತ್ತಿದ್ದವರಿಗೆ ಇದು ಎರಡು ತಿಂಗಳ ಮೊದಲೇ ಗೊತ್ತಿತ್ತು, ಅವರು ಹೇಳಲಿಲ್ಲ.' ಹೆಸರು ಹಾಕಿರಲಿಲ್ಲ. ಹುಡುಗಿ ನನ್ನ ಮೇಲೆ ಕರುಣೆ ತೋರಿಸಿದ್ದಳು.

ಆಗಸ್ಟಿನಿಂದ ಡಿಸೆಂಬರಿಗೆ ಎರಡು ತಿಂಗಳಲ್ಲ. ಅದು ನಿಮಗೂ ಗೊತ್ತು. ತಪ್ಪು ಅವಳದಲ್ಲ, ಫೋನಿನಲ್ಲಿ ನಾನೇ ಹಾಗೆ ಹೇಳಿದ್ದೆ. ಇಪ್ಪತ್ತೈದು ವರ್ಷದ ನಂತರ, ತಪ್ಪೊಪ್ಪಿಕೊಳ್ಳುವಾಗಲೂ, ನಾಲಿಗೆ ತಾನಾಗಿ ಅರ್ಧ ಕಡಿಮೆ ಮಾಡಿತ್ತು. ಕೆಂಪು ಪೆನ್ನು ತೆಗೆದುಕೊಂಡೆ. 'ಎರಡು' ಹೊಡೆದು 'ನಾಲ್ಕು' ಎಂದು ಬರೆದೆ. 'ಬೇಸ್ ಬಾರಿಸುತ್ತಿದ್ದವರಿಗೆ' ಎಂಬುದರ ಮೇಲೆ ನನ್ನ ಪೂರ್ತಿ ಹೆಸರು ಬರೆದೆ. ಕೆಳಗೆ ಸಹಿ ಮಾಡಿದೆ.

ಲಕೋಟೆಗೆ ಹಾಕುವ ಮೊದಲು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಮೂರೂ ಪುಟ ನಿಧಾನವಾಗಿ ಓದಿದಳು. ಓದಿ ಮುಗಿಸಿ ಹಾಳೆಗಳನ್ನು ನೇರ ಮಾಡಿ, ನನ್ನ ಮುಖ ನೋಡದೆ ಹೇಳಿದಳು: "ನನಗೂ ಹೇಳಿರಲಿಲ್ಲಲ್ರಿ."

"ಇಲ್ಲ," ಎಂದೆ. "ಹೇಳಿರಲಿಲ್ಲ."